ಕಂಚಿನ ದೇವಿಯ ಕೈಯನ್ನೂ ನೋಡಬೇಕು

ಸಂಪಾದಕರಿಗೆ,

ಕಳೆದ ಭಾನುವಾರದ ಪುರವಣಿಯಲ್ಲಿ ಚೋಳರ ಕಾಲದ ಕಂಚಿನ ಸ್ತ್ರೀಮೂರ್ತಿಗಳ ಬಗ್ಗೆ ಬಂದ ಲೇಖನ ಓದಿದೆ. ಕಾಸರಗೋಡಿನಲ್ಲಿ ಕೂತು ಇಂಥ ವಿಷಯ ಕನ್ನಡದಲ್ಲಿ ಓದಲು ಸಿಗುವುದೇ ಖುಷಿ. ಆದರೆ ಸಣ್ಣ ನಡು, ತುಂಬಿದ ಎದೆ, ಫಲವಂತಿಕೆಯ ಸಂಕೇತ ಎಂದು ಹೇಳಿ ಲೇಖಕರು ಮುಗಿಸಿಬಿಟ್ಟಿದ್ದಾರೆ. ಮಾತು ಅರ್ಧಕ್ಕೇ ನಿಂತಿತು. ಜೊತೆಗೆ ಹಾಕಿದ ಪಾರ್ವತಿಯ ಫೋಟೋವನ್ನಂತೂ ಮೊಣಕೈ ಹತ್ತಿರವೇ ಕತ್ತರಿಸಿದ್ದೀರಿ. ನೋಡಬೇಕಾದದ್ದು ಇರುವುದೇ ಅಲ್ಲಿಂದ ಮುಂದೆ ಅಲ್ವಾ?

ಪಾರ್ವತಿಯ ಬಲಗೈ ಬೆರಳುಗಳು ಏನನ್ನೋ ಹಿಡಿದ ಹಾಗೆ ಬಾಗಿರುತ್ತವೆ, ಆದರೆ ಖಾಲಿ. ಇದು ಕಟಕ ಹಸ್ತ. ಶಿಲ್ಪಿ ಹೂವನ್ನು ಮರೆತದ್ದಲ್ಲ. ಪೂಜೆಯ ಹೊತ್ತಿಗೆ ನಿಜವಾದ ಹೂವನ್ನೇ ಇಡಲಿ ಎಂದು ಬಿಟ್ಟ ಜಾಗ ಅದು. ಎಡಗೈ ಸುಮ್ನೆ ಇಳಿಬಿದ್ದಿರುತ್ತದೆ. ಅದು ಲೋಲಹಸ್ತ, ಹಸುವಿನ ಬಾಲದ ಹಾಗೆ ಸಲೀಸಾಗಿ ಇಳಿಯಬೇಕು ಎಂಬುದು ಶಿಲ್ಪಿಗಳ ಲೆಕ್ಕ.

ಇನ್ನು ವಿಷ್ಣುವಿನ ಅಕ್ಕಪಕ್ಕ ನಿಲ್ಲುವ ಶ್ರೀದೇವಿ, ಭೂದೇವಿ. ದೂರದಿಂದ ನೋಡಿದರೆ ಇಬ್ಬರೂ ಒಂದೇ. ಹತ್ತಿರ ಹೋದರೆ ಶ್ರೀದೇವಿಗೆ ಎದೆಪಟ್ಟಿ ಇರುತ್ತದೆ, ಭೂದೇವಿಗೆ ಇರುವುದಿಲ್ಲ. ಆ ಪಟ್ಟಿಗೆ ಕುಚಬಂಧ ಎನ್ನುತ್ತಾರೆ. ಶ್ರೀದೇವಿ ವಿಷ್ಣುವಿನ ಬಲಕ್ಕೆ, ತಾವರೆ ಹಿಡಿಯುವ ಕೈ. ಭೂದೇವಿ ಎಡಕ್ಕೆ, ನೈದಿಲೆ ಹಿಡಿಯುವ ಕೈ. ನಿಮ್ಮ ಲೇಖಕರು ಬರೀ ಸೊಬಗು ಕಂಡ ಜಾಗದಲ್ಲಿ ಯಾರು ಯಾರು ಎಂದು ತಿಳಿಯುವ ಗುರುತೇ ಇದೆ.

ಅಷ್ಟಕ್ಕೂ ಆ ನಡುವನ್ನು ಯಾರು ನೋಡುತ್ತಿದ್ದರು? ಈ ಮೂರ್ತಿಗಳೆಲ್ಲ ಮೆರವಣಿಗೆಗೆ ಹೊರಡುವ ಉತ್ಸವಮೂರ್ತಿಗಳು. ಪೀಠದಲ್ಲೇ ಕೋಲು ತೂರಿಸಲು ತೂತು, ಬಳೆ ಇರುತ್ತವೆ. ರೇಷ್ಮೆ ಉಡಿಸಿ, ಒಡವೆ ಹಾಕಿ, ಹೂಮಾಲೆ ಏರಿಸಿದ ಮೇಲೆ ಬೀದಿಯಲ್ಲಿ ನಿಂತವರಿಗೆ ಕಾಣುವುದು ಮುಖ ಮತ್ತು ಕೈ. ನಮ್ಮ ಕಡೆ ಭಟ್ಟರು ಬಲಿಮೂರ್ತಿಯನ್ನು ತಲೆಯ ಮೇಲೆ ಹೊತ್ತು ಬರುವಾಗ ಹೂವಿನ ನಡುವೆ ದೇವರು ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಬಟ್ಟೆಯಿಲ್ಲದ ಮೈ ಪೂರ್ತಿ ಕಾಣುವುದು ಮ್ಯೂಸಿಯಮ್ಮಿನ ಗಾಜಿನೊಳಗೆ. ಅಲ್ಲಿ ಕಂಡದ್ದನ್ನೇ ಹಿಡಿದು ಸಂಕೇತ ಹೇಳಿದರೆ ಎಡವಟ್ಟಾಗುತ್ತದೆ.

ಚೋಳರ ಕಂಚಿನಲ್ಲಿ ಇರುವುದು ಚೆಲುವೆಯರು ಮಾತ್ರ ಎಂಬ ಮಾತೂ ಸರಿಯಲ್ಲ. ಕಾರೈಕಾಲ್ ಅಮ್ಮೈಯಾರ್ ಎಂಬ ಶಿವಭಕ್ತೆ ಇದ್ದಾಳೆ. ತಮಿಳುನಾಡಿನ ಶಿವಭಕ್ತ ಸಂತರಾದ 63 ನಾಯನ್ಮಾರರಲ್ಲಿ ಹೆಂಗಸರು ಮೂವರೇ, ಅವರಲ್ಲಿ ಒಬ್ಬಳು. ಗಂಡ ಬಿಟ್ಟು ಹೋದ ಮೇಲೆ ಈ ಚೆಲುವು ನನಗೇಕೆ, ಪೇಯಿಯ, ಅಂದರೆ ದೆವ್ವದ, ರೂಪ ಕೊಡು ಎಂದು ಶಿವನನ್ನು ಬೇಡಿದಳಂತೆ. ಅವಳ ಕಂಚಿನ ಮೂರ್ತಿಯೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಒಣಗಿದ ಮೈ, ಜೋತುಬಿದ್ದ ಮೊಲೆ, ಕೈಯಲ್ಲಿ ತಾಳ. ಅದೇ ಚೋಳನಾಡಿನ ಎರಕದ ಕೆಲಸ. ಇವಳನ್ನು ಫಲವಂತಿಕೆಯ ಯಾವ ಲೆಕ್ಕಕ್ಕೆ ಸೇರಿಸುತ್ತೀರಿ?

ನಮ್ಮ ತುಳುನಾಡಿನ ದೈವ ಜುಮಾದಿಯನ್ನೇ ತೆಗೆದುಕೊಳ್ಳಿ. ಮೀಸೆಯೂ ಉಂಟು, ಮೊಲೆಯೂ ಉಂಟು. ಭಂಡಾರದಲ್ಲಿಟ್ಟ ಲೋಹದ ಮೊಗ, ಮೊಲೆಗಳಿರುವ ಎದೆಕವಚ ಕೋಲದ, ಅಂದರೆ ದೈವ ಕಟ್ಟಿ ಕುಣಿಯುವ ಆರಾಧನೆಯ, ರಾತ್ರಿ ಹೊರಗೆ ಬರುತ್ತವೆ. ಅದನ್ನು ಕಟ್ಟಿಕೊಳ್ಳುವವನು ಗಂಡಸು. ಊರಿನ ನ್ಯಾಯ ತೀರ್ಮಾನವೆಲ್ಲ ಆ ದೈವದ ಮುಂದೆ. ಲೋಹದಲ್ಲಿ ಮಾಡಿದ ಹೆಣ್ಣಿನ ಎದೆ ಅಲ್ಲಿ ಚೆಲುವನ್ನು ಹೇಳುತ್ತಿಲ್ಲ, ದೈವದ ಅಧಿಕಾರವನ್ನು ಹೇಳುತ್ತಿದೆ. ಅದರ ಮುಂದೆ ಕೈಮುಗಿದು ನಿಂತ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೇಖನದ ಮುಂದಿನ ಕಂತು ಇದೆ ಎಂದು ಕೊನೆಯಲ್ಲಿ ಹಾಕಿದ್ದೀರಿ. ಅದಕ್ಕೆ ತಂಜಾವೂರಿಗೇ ಹೋಗಬೇಕಿಲ್ಲ. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಟೊಳ್ಳಿಗೆ ಲೋಹ ಹೊಯ್ಯುವ ಕ್ರಮವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ಮಾನಸೋಲ್ಲಾಸದಲ್ಲಿ ಬರೆಸಿಟ್ಟಿದ್ದಾನೆ. ಪಯ್ಯನ್ನೂರಿನ ಹತ್ತಿರದ ಕುಂಞಿಮಂಗಲದಲ್ಲಿ ಕಂಚಿನ ಕೆಲಸದ ಮೂಶಾರಿಗಳು ಇವತ್ತಿಗೂ ಹಾಗೇ ಎರಕ ಹೊಯ್ಯುತ್ತಾರೆ. ಸಣ್ಣ ಬೆರಳತುದಿ ತಲುಪುವ ಮುಂಚೆ ಲೋಹ ಗಟ್ಟಿಯಾಗದಂತೆ ನೋಡಿಕೊಳ್ಳುವುದು ಹೇಗೆ ಎಂದು ಅವರನ್ನೇ ಕೇಳಬಹುದು. ಕಾಸರಗೋಡಿನಿಂದ ಪಯ್ಯನ್ನೂರಿಗೆ ರೈಲು ಬೇಕಾದಷ್ಟಿವೆ.

ಇತಿ,
ಒಬ್ಬ ಓದುಗಿ, ಕುಂಬಳೆ