ಕಾಣಿಕೆಗೆ ಮೊದಲು ಸಂಧಾನ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 8ರಂದು ಕರಾವಳಿಯ ಕಥೋಲಿಕ ಕ್ರೈಸ್ತರು ಮಾತೆ ಮರಿಯಮ್ಮನವರ ಜನ್ಮದಿನವನ್ನು ಮೊಂತಿ ಹಬ್ಬವಾಗಿ ಆಚರಿಸುತ್ತಾರೆ. ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಹೊಸ ಅಕ್ಕಿಯನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಹಿರಿಯರು ಎಲ್ಲರಿಗೂ ಹಂಚಿದ ಬಳಿಕವೇ ಊಟ ಆರಂಭವಾಗುತ್ತದೆ.

ತೋಟದ ಗಡಿಯ ವಿಚಾರದಲ್ಲಿ ಮಾತು ಬಿಟ್ಟ ನಾನು ಮತ್ತು ನನ್ನ ಅಣ್ಣ ಆರು ವರ್ಷ ಈ ಹಬ್ಬವನ್ನು ಬೇರೆ ಬೇರೆ ಮನೆಗಳಲ್ಲಿ ಆಚರಿಸಿದೆವು. ಪ್ರತಿ ಭಾನುವಾರ ಚರ್ಚಿನಲ್ಲಿ ಒಂದೇ ಬಲಿಪೂಜೆಗೆ (ಮಾಸ್) ಹೋಗಿಯೂ ಮುಖ ನೋಡದೆ ಮರಳುತ್ತಿದ್ದೆವು. ಬಲಿಪೀಠದ ಬಳಿ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಅಸಮಾಧಾನವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಂದಿಗೆ ಸಂಧಾನ ಮಾಡಿಕೊ ಎಂದು ಯೇಸುಸ್ವಾಮಿ ಹೇಳಿದ್ದಾರೆ (ಮತ್ತಾಯ 5:23-24). ಗಮನಿಸಬೇಕಾದುದೆಂದರೆ, ತಪ್ಪು ಯಾರದೆಂಬ ಪ್ರಶ್ನೆಯನ್ನು ಅವರು ಇಲ್ಲಿ ಎತ್ತುವುದೇ ಇಲ್ಲ. ನಿನಗೆ ಅವನ ಮೇಲೆ ಕೋಪವಿದ್ದರೆ ಎಂದಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ ಎನ್ನುತ್ತಾರೆ. ನ್ಯಾಯ ನನ್ನ ಕಡೆಗಿದೆಯೆಂದು ಅಷ್ಟು ವರ್ಷ ಕಾದು ಕುಳಿತಿದ್ದ ನನಗೆ ಈ ಮಾತು ಬಹಳ ತಡವಾಗಿ ಅರ್ಥವಾಯಿತು. ಕಳೆದ ಹಬ್ಬದಂದು ತೆನೆ ಹಿಡಿದು ಅಣ್ಣನ ಅಂಗಳಕ್ಕೆ ಹೋದಾಗ, ಅತ್ತಿಗೆ ಏನನ್ನೂ ಕೇಳದೆ ಇನ್ನೊಂದು ಬಾಳೆಲೆ ಹಾಸಿದರು.

ಹಬ್ಬದ ಮುಂಚಿನ ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಅದೇ ದಿನಗಳಲ್ಲಿ ಧರ್ಮಗುರುಗಳು ಮತ್ತು ಚರ್ಚಿನ ವಾರ್ಡಿನ ಗುರಿಕಾರರು (ಮುಖಂಡರು) ಮಾತು ಬಿಟ್ಟ ಕುಟುಂಬಗಳನ್ನು ಭೇಟಿಯಾಗಿ, ಕೋರ್ಟಿನವರೆಗೆ ಹೋಗಿರುವ ವ್ಯಾಜ್ಯಗಳಲ್ಲೂ ರಾಜಿಗೆ ಪ್ರಯತ್ನಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ದಕ್ಷಿಣ ಕನ್ನಡ