ಶಿಕ್ಷಣ ಸಚಿವರೇ, ‘ಹೇಗೆ ಗೊತ್ತು?’ ಅನ್ನೋ ಪ್ರಶ್ನೆಗೂ ಅಂಕ ಕೊಡಿ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಪಠ್ಯಪುಸ್ತಕ ಪರಿಷ್ಕರಣೆ ಅಂದ ತಕ್ಷಣ ನಿಮ್ಮ ಮುಂದೆ ಎರಡು ಗುಂಪು ಬಂದು ನಿಲ್ಲುತ್ತವೆ. ‘ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು, ಪಾಠಕ್ಕೆ ಸೇರಿಸಿ’ ಅನ್ನುವವರು ಒಂದು ಕಡೆ. ‘ವಿಜ್ಞಾನಿಗಳು ಹೇಳಿದ್ದಷ್ಟೇ ಇರಲಿ, ಉಳಿದದ್ದೆಲ್ಲ ಮೂಢನಂಬಿಕೆ, ಕಿತ್ತುಹಾಕಿ’ ಅನ್ನುವವರು ಇನ್ನೊಂದು ಕಡೆ. ಜಗಳವೇನೋ ಜೋರಾಗಿಯೇ ಇರುತ್ತದೆ. ಆದರೆ ಇಬ್ಬರೂ ನಿಮ್ಮಿಂದ ಕೇಳುವುದು ಒಂದನ್ನೇ. ನಾವು ಹೇಳಿದ್ದಕ್ಕೆ ಸರ್ಕಾರದ ಮುದ್ರೆ ಒತ್ತಿ, ಮಕ್ಕಳು ಬಾಯಿಪಾಠ ಮಾಡಲಿ.

ನನ್ನ ತಕರಾರು ಆ ಮುದ್ರೆಯ ಬಗ್ಗೆ.

ಮೊದಲ ಗುಂಪಿಗೆ ತುಂಬ ಇಷ್ಟವಾಗುವ ಕಥೆಯಿಂದಲೇ ಶುರು ಮಾಡುತ್ತೇನೆ. ಮಲೇರಿಯಾಕ್ಕೆ ಇವತ್ತು ಕೊಡುವ ಔಷಧಿಗಳಲ್ಲಿ ಆರ್ಟೆಮಿಸಿನಿನ್ ಬಹಳ ಮುಖ್ಯವಾದದ್ದು. ಅದನ್ನು ಕಂಡುಹಿಡಿದ ಚೀನಾದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. 1969ರಲ್ಲಿ ಈ ಕೆಲಸಕ್ಕೆ ಇಳಿದಾಗ ಅವರ ತಂಡ ಹಳೆಯ ವೈದ್ಯಗ್ರಂಥಗಳನ್ನು ತಡಕಾಡಿ, ನಾಟಿ ವೈದ್ಯರನ್ನು ಕೇಳಿ ಸುಮಾರು 2,000 ಮದ್ದುಗಳ ವಿವರ ಕಲೆಹಾಕಿತು. ಅದರಲ್ಲಿ ಒಂದು ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಕೈಕೊಡುತ್ತಿತ್ತು. ಆಗ ಅವರು 4ನೇ ಶತಮಾನದ ವೈದ್ಯ ಗೆ ಹೋಂಗ್ ಬರೆದಿಟ್ಟಿದ್ದನ್ನು ಮತ್ತೆ ತೆಗೆದು ಓದಿದರು. ಒಂದು ಹಿಡಿ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಅಂತ ಅಲ್ಲಿತ್ತು. ಕುದಿಸುವ ಮಾತೇ ಇರಲಿಲ್ಲ! ಬಿಸಿಗೆ ಮದ್ದಿನ ಗುಣ ಹೋಗುತ್ತಿರಬಹುದಾ ಅನ್ನಿಸಿತು ಅವರಿಗೆ. ಈಥರ್ ಎಂಬ ದ್ರಾವಕ ಬಳಸಿ ಕಡಿಮೆ ಶಾಖದಲ್ಲೇ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ ಸಿಕ್ಕ 191ನೇ ಮಾದರಿ ಇಲಿಗಳ ಮೈಯಲ್ಲಿದ್ದ ಮಲೇರಿಯಾ ಪರಾವಲಂಬಿಯನ್ನು ಪೂರ್ತಿ ಅಳಿಸಿಹಾಕಿತು. ರೋಗಿಗಳಿಗೆ ಕೊಡುವ ಮೊದಲು ತು ಯೂಯೂ ಮತ್ತು ಜೊತೆಯವರು ತಾವೇ ಕುಡಿದು ನೋಡಿದರು.

ನೋಡಿ, ಹಿಂದಿನವರಿಗೆ ಗೊತ್ತಿತ್ತಲ್ಲ ಅಂತ ಮೊದಲ ಗುಂಪು ಹೇಳುತ್ತದೆ. ಹೌದು, ಒಂದು ಸುಳಿವು ಗೊತ್ತಿತ್ತು. ಆದರೆ ಅದೇ ಪರಂಪರೆಯಿಂದ ಬಂದ ಎಷ್ಟೋ ಮದ್ದುಗಳು ಪ್ರಯೋಗದಲ್ಲಿ ಬಿದ್ದುಹೋದವಲ್ಲ? ಯಾವುದು ನಿಂತಿತು, ಯಾವುದು ಬಿತ್ತು ಅನ್ನೋದು ಹಳೆಯ ಪುಸ್ತಕ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಪರೀಕ್ಷೆ ಮಾಡಿಯೇ ತಿಳಿಯಬೇಕಿತ್ತು. ಸುಮ್ನೆ ಹೊಗಳಿ ಕಪಾಟಿನಲ್ಲಿಡುವವರಿಗಿಂತ, ಒಂದೊಂದು ಸಾಲನ್ನೂ ಓದಿ ಇದು ನಿಜವಾ ಅಂತ ನೋಡಿದವರೇ ಹಿರಿಯರಿಗೆ ಜಾಸ್ತಿ ಗೌರವ ಕೊಟ್ಟರು ಅನ್ನೋದು ನನ್ನ ಅಭಿಪ್ರಾಯ.

ಈಗ ಎರಡನೇ ಗುಂಪಿಗೆ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಅಣು ಸ್ಥಾವರ ಸಿಡಿಯಿತು. ಮುಂದಿನ ವಾರ ಬಿದ್ದ ಮಳೆಯಲ್ಲಿ ಇಂಗ್ಲೆಂಡಿನ ಕಂಬ್ರಿಯಾ ಬೆಟ್ಟಗಳ ಮೇಲೆ ವಿಕಿರಣಶೀಲ ಸೀಸಿಯಂ ಇಳಿಯಿತು. ಅಲ್ಲಿಯವರ ಬದುಕು ಕುರಿ ಸಾಕಣೆ. ಜೂನ್‌ನಲ್ಲಿ ಕುರಿ ಸಾಗಣೆ, ವಧೆ ಎರಡಕ್ಕೂ ಸರ್ಕಾರ ತಡೆ ಹಾಕಿತು. ಮೂರು ವಾರ, ಅಷ್ಟೇ, ಅಂತ ಹೇಳಿತು. ಸೀಸಿಯಂ ಮಣ್ಣಿಗೆ ಅಂಟಿಕೊಂಡು ಹುಲ್ಲಿಗೆ ಸಿಗದ ಹಾಗಾಗುತ್ತದೆ ಅನ್ನೋದು ತಜ್ಞರ ಲೆಕ್ಕ. ಆ ಲೆಕ್ಕ ಜೇಡಿಮಣ್ಣಿಗೆ ಸರಿ. ಬೆಟ್ಟದ ಮೇಲಿದ್ದದ್ದು ಕೊಳೆತ ಸಸ್ಯಗಳ, ಹುಳಿ ಜಾಸ್ತಿ ಇರುವ ಬೇರೆಯೇ ಮಣ್ಣು. ಅಲ್ಲಿ ಸೀಸಿಯಂ ಬೇರಿಗೆ ಸಿಗುತ್ತಲೇ ಹೋಯಿತು. ಮೂರು ವಾರದ ತಡೆ ಪೂರ್ತಿ ಮುಗಿದದ್ದು 2012ರಲ್ಲಿ.

ಇದರ ನಡುವೆ ಒಂದು ಸಣ್ಣ ಪ್ರಸಂಗ ಇದೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಬ್ರಯಾನ್ ವಿನ್ ಅದನ್ನು ದಾಖಲಿಸಿದ್ದಾರೆ. ಬೆಂಟೊನೈಟ್ ಎಂಬ ಖನಿಜದ ಪುಡಿ ಎರಚಿದರೆ ಸೀಸಿಯಂ ಕಡಿಮೆಯಾಗುತ್ತದಾ ಅಂತ ನೋಡಲು ತಜ್ಞರು ಬೇಲಿ ಹಾಕಿ, ಒಳಗೆ ಕುರಿ ಬಿಟ್ಟರು. ಕುರಿಗಾರರು ಆಗಲೇ ಹೇಳಿದರು: ಇವು ಬಯಲಲ್ಲಿ ಅಡ್ಡಾಡಿ ಮೇಯುವ ಕುರಿ, ಬೇಲಿಯೊಳಗೆ ಸೊರಗುತ್ತವೆ, ನಿಮ್ಮ ಲೆಕ್ಕ ಕೆಡುತ್ತದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಪ್ರಯೋಗವನ್ನು ಸದ್ದಿಲ್ಲದೆ ಕೈಬಿಡಬೇಕಾಯಿತು, ಕುರಿಗಾರರು ಹೇಳಿದ್ದ ಕಾರಣಕ್ಕೇ.

ಹಾಗಂತ ಎಲ್ಲರ ಮಾತೂ ಒಂದೇ ತೂಕದ್ದು ಅಂತ ನಾನು ಹೇಳುತ್ತಿಲ್ಲ. ಸೀಸಿಯಂ ಕಣ್ಣಿಗೆ ಕಾಣುವುದಿಲ್ಲ, ಅಳೆಯಲು ಉಪಕರಣವೇ ಬೇಕು. ಕುರಿಗಾರರ ಅನುಭವದಿಂದ ಅದು ಸಾಧ್ಯವೇ ಇರಲಿಲ್ಲ. ಕುರಿ, ಹುಲ್ಲು, ಇಳಿಜಾರಿನ ಬಗ್ಗೆ ಮಾತ್ರ ಅವರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿರಲಿಲ್ಲ. ಯಾವ ವಿಷಯದಲ್ಲಿ ಯಾರ ಮಾತು ಕೇಳಬೇಕು, ಯಾಕೆ ಕೇಳಬೇಕು? ಇದನ್ನು ಮಕ್ಕಳಿಗೆ ನಾವು ಎಲ್ಲೂ ಕಲಿಸುತ್ತಿಲ್ಲ ಸ್ವಾಮಿ.

ತತ್ವಶಾಸ್ತ್ರಜ್ಞರಿಗೂ ಈ ವಿಷಯದಲ್ಲಿ ಒಮ್ಮತ ಇಲ್ಲ. ಯಾವ ಪುರಾವೆ ಸಿಕ್ಕರೆ ನಿನ್ನ ಮಾತು ಬಿದ್ದುಹೋಗುತ್ತದೆ ಅಂತ ಮೊದಲೇ ಹೇಳು, ಹೇಳಲಾಗದಿದ್ದರೆ ಅದು ವಿಜ್ಞಾನವಲ್ಲ ಅಂದರು ಕಾರ್ಲ್ ಪಾಪರ್. ವಿಜ್ಞಾನಿಗಳು ತಮ್ಮ ಚೌಕಟ್ಟನ್ನು ಅಷ್ಟು ಸುಲಭಕ್ಕೆ ಬಿಡುವವರಲ್ಲ, ಬಿಡುವಾಗ ದೊಡ್ಡ ಕ್ರಾಂತಿಯೇ ಆಗುತ್ತದೆ ಅಂದರು ಥಾಮಸ್ ಕೂನ್. ನನಗೆ ಇಬ್ಬರೂ ಅರ್ಧರ್ಧ ಸರಿ ಅನ್ನಿಸುತ್ತದೆ. ಸದ್ಯ, ಇದಕ್ಕೆ ನೀವು ತೀರ್ಪು ಕೊಡಬೇಕಿಲ್ಲ!

ಸರ್ಕಾರವೇ ತೀರ್ಪು ಕೊಡಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಸೋವಿಯತ್ ಒಕ್ಕೂಟದ ಉದಾಹರಣೆ ಸಾಕು. ವಂಶವಾಹಿಗಳನ್ನೇ ಒಪ್ಪದ ಲೈಸೆಂಕೊ ಅನ್ನುವವರ ಕೃಷಿ ಸಿದ್ಧಾಂತ ಸ್ಟಾಲಿನ್‌ಗೆ ಹಿಡಿಸಿತು. 1948ರಲ್ಲಿ ಅದೇ ಅಧಿಕೃತವಾಯಿತು, ತಳಿಶಾಸ್ತ್ರಕ್ಕೆ ಬಾಗಿಲು ಮುಚ್ಚಿತು. ಜಗತ್ತಿನ ಮೂಲೆಮೂಲೆಯಿಂದ ಬೀಜ ಕೂಡಿಟ್ಟಿದ್ದ, ಲೈಸೆಂಕೊ ಅವರನ್ನು ವಿರೋಧಿಸಿದ್ದ ತಳಿವಿಜ್ಞಾನಿ ನಿಕೊಲಾಯ್ ವಾವಿಲೋವ್ ಅದಕ್ಕೂ ಮೊದಲೇ, 1943ರಲ್ಲಿ, ಜೈಲಿನಲ್ಲಿ ತೀರಿಕೊಂಡಿದ್ದರು.

ನನ್ನ ತರಗತಿಯ ವಿಷಯಕ್ಕೆ ಬರುತ್ತೇನೆ. ಒಂಬತ್ತನೇ ತರಗತಿಯಲ್ಲಿ ಒಮ್ಮೆ ‘ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ ಅಂತ ಹೇಗೆ ಗೊತ್ತು?’ ಅಂತ ಕೇಳಿದೆ. ‘ಪುಸ್ತಕದಲ್ಲಿದೆ ಮಿಸ್’ ಅಂದರು ಎಲ್ಲರೂ. ಹಿಂದಿನ ಬೆಂಚಿನ ಹುಡುಗನೊಬ್ಬ, ‘ನಮಗೆ ತಿರುಗಿದ ಹಾಗೇ ಆಗಲ್ಲ, ಮತ್ತೆ ಯಾಕೆ ನಂಬಬೇಕು?’ ಅಂದ. ಅವತ್ತು ಬಂದದ್ದರಲ್ಲಿ ಒಳ್ಳೆಯ ಮಾತು ಅದೇ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಸೊನ್ನೆ. 1851ರಲ್ಲಿ ಪ್ಯಾರಿಸ್‌ನಲ್ಲಿ ಫೂಕೋ ಎಂಬ ಭೌತವಿಜ್ಞಾನಿ 67 ಮೀಟರ್ ತಂತಿಗೆ 28 ಕಿಲೋ ಗುಂಡು ಕಟ್ಟಿ ತೂಗಿಬಿಟ್ಟ ಕಥೆ ಹೇಳಿದೆ. ಗುಂಡು ತೂಗುವ ದಿಕ್ಕು ನಿಧಾನವಾಗಿ ಸರಿಯುತ್ತಾ ಹೋದದ್ದು, ನೆಲವೇ ತಿರುಗುತ್ತಿದೆ ಅಂತ ಜನ ನಿಂತು ನೋಡಿದ್ದು, ಎಲ್ಲ. ಅದೇ ಹುಡುಗ, ‘ಉತ್ತರ ಧ್ರುವದಲ್ಲಿ ತೂಗಿಬಿಟ್ಟರೆ?’ ಅಂದ. ಒಂದು ದಿನಕ್ಕೆ ಪೂರ್ತಿ ಒಂದು ಸುತ್ತು ಅಂದೆ. ‘ಭೂಮಧ್ಯರೇಖೆಯಲ್ಲಿ?’ ಸರಿಯುವುದೇ ಇಲ್ಲ ಅಂದಾಗ ತರಗತಿಗೆ ತರಗತಿಯೇ ಯಾಕೆ ಅಂತ ಗಲಾಟೆ ಎಬ್ಬಿಸಿತು. ಪೋರ್ಷನ್ ಮಾತ್ರ ಮುಗಿಯಲಿಲ್ಲ, ಅದಕ್ಕೆ ಮೇಲಿನವರಿಂದ ಬೈಸಿಕೊಂಡೆ.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ವಿಜ್ಞಾನ ಪ್ರಶ್ನೆಪತ್ರಿಕೆಯಲ್ಲೂ ‘ಇದು ಹೇಗೆ ಗೊತ್ತಾಯಿತು, ಯಾವುದು ಕಂಡರೆ ಇದನ್ನು ಬಿಡಬೇಕಾಗುತ್ತದೆ?’ ಅನ್ನುವ ಒಂದು ಪ್ರಶ್ನೆ ಇರಲಿ. ಹಳೆಯ ಜ್ಞಾನವನ್ನು ಪಾಠಕ್ಕೆ ಸೇರಿಸುವುದಾದರೆ ಸೇರಿಸಿ, ಅದಕ್ಕೂ ಇದೇ ಪ್ರಶ್ನೆ ಹಾಕಿ. ಪಠ್ಯ ಸಮಿತಿಯಲ್ಲಿ ವಿಜ್ಞಾನದ ಇತಿಹಾಸ ಓದಿದವರೊಬ್ಬರು ಕೂರಲಿ.

ಒಂದು ಎಚ್ಚರಿಕೆ. ಈ ಪ್ರಶ್ನೆಗೂ ಒಂದೇ ಮಾದರಿ ಉತ್ತರ ಕೊಟ್ಟರೆ ಮುಂದಿನ ವರ್ಷವೇ ಗೈಡುಗಳಲ್ಲಿ ಅದು ಅಚ್ಚಾಗುತ್ತದೆ, ಮಕ್ಕಳು ಅದನ್ನೂ ಉರು ಹೊಡೆಯುತ್ತಾರೆ. ಆದ್ದರಿಂದ ಮೌಲ್ಯಮಾಪಕರ ತರಬೇತಿ ಮೊದಲು ಆಗಲಿ, ಪ್ರಶ್ನೆ ಆಮೇಲೆ ಬರಲಿ. ತರಬೇತಿಗೆ ಕರೆದರೆ ರಜೆಯಲ್ಲಾದರೂ ಬರುತ್ತೇನೆ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ