ಹೊಲಿಗೆ ತರಬೇತಿಗೆ ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ಆರ್‌ಸೆಟಿ, ಅಂದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯ ಹೊಲಿಗೆ ತರಬೇತಿಗೆ ಆಯ್ಕೆಯಾದೆಯಲ್ಲ, ತುಂಬ ಖುಷಿಯಾಯಿತು. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಶುರುಮಾಡಿದ ರುಡ್‌ಸೆಟ್ ತರಬೇತಿ ಸಂಸ್ಥೆಯ ಮಾದರಿಯೇ ಈಗ ದೇಶದ ಉದ್ದಗಲಕ್ಕೂ ಹಬ್ಬಿದೆ. ಊಟ, ವಸತಿ, ಪಾಠ ಎಲ್ಲವೂ ಉಚಿತ. ಸರ್ಟಿಫಿಕೇಟ್ ಕೈಗೆ ಬಂದರೆ ಮುಗಿಯಿತು ಎಂದು ಬಹಳ ಮಂದಿ ಆ ಕಡೆ ತಲೆಹಾಕುವುದಿಲ್ಲ. ಆದರೆ ಆಮೇಲೂ ಎರಡು ವರ್ಷ ಸಂಸ್ಥೆಯವರು ವಿಚಾರಿಸಿಕೊಳ್ಳುತ್ತಾರೆ. ಸಾಲದ ಅರ್ಜಿ ಬ್ಯಾಂಕಿನಲ್ಲಿ ನಿಂತರೆ ಸಂಕೋಚಪಡದೆ ಅವರ ಹತ್ತಿರವೇ ಹೋಗಿ ಕೇಳು.

ಬ್ಲೌಸ್ ಚೆನ್ನಾಗಿ ಕಲಿ, ವರ್ಷವಿಡೀ ಕೆಲಸ ಕೊಡುವುದು ಅದೇ. ಕಾಟನ್ ಲೈನಿಂಗನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿ ಹಾಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗಿ ಮೇಲಿನ ರೇಷ್ಮೆ ಸುಕ್ಕಾಗುತ್ತದೆ, ಗಿರಾಕಿ ಮತ್ತೆ ಬರುವುದಿಲ್ಲ. ಪಕ್ಕದ ಹೊಲಿಗೆಯೊಳಗೆ ಒಂದೂವರೆ ಇಂಚು ಬಟ್ಟೆ ಬಿಡು, ಮುಂದೆ ಬಿಚ್ಚಿ ಸಡಿಲ ಮಾಡಲು ಬೇಕು. ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಬಂದರೆ ಎಲ್ಲರೂ ಅಡಿದಾರ ಸುತ್ತಿದ ಬಾಬಿನ್ ಬಿಚ್ಚುತ್ತಾ ಕೂರುತ್ತಾರೆ. ತಪ್ಪಿರುವುದು ಸಾಮಾನ್ಯವಾಗಿ ಮೇಲಿನ ದಾರ ಪೋಣಿಸಿದ್ದರಲ್ಲಿ. ಹೊಲಿಗೆ ತಪ್ಪಿ ತಪ್ಪಿ ಬಿದ್ದರೆ ಮೊದಲು ಸೂಜಿ ಬದಲಿಸಿ ನೋಡು.

ಸಾಲಕ್ಕೆ ಆತುರ ಬೇಡ ಮಗಳೇ. ಆರ್ಡರ್ ಇಲ್ಲದೆ ಮೂರು ಮಿಷನ್ ತಂದವರಿಗೆ ಕಂತು ಕಟ್ಟುವುದೇ ಕೆಲಸವಾಗುತ್ತದೆ. ಒಂದು ಮಿಷನ್ನು, ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಇಂಟರ್‌ಲಾಕ್ ಮಿಷನ್ನಿಗೆ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ಸಾಲ ಧಾರಾಳ ಸಾಕು: ₹50,000ದವರೆಗೆ, ಅಡಮಾನವಿಲ್ಲ. ದೊಡ್ಡದಾಗಿ ಹೊಸ ಘಟಕವನ್ನೇ ಶುರುಮಾಡುವುದಾದರೆ, ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆ ನೋಡು. ಅದರಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಒಟ್ಟು ಯೋಜನಾ ವೆಚ್ಚದ ಸ್ವಂತ ಪಾಲು ಶೇ. 5, ಸಬ್ಸಿಡಿ ಶೇ. 35. ಆದರೆ ಆ ಸಬ್ಸಿಡಿ ಕೈಗೆ ಬರುವ ದುಡ್ಡಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಇದನ್ನು ತಿಳಿಯದೆ ಲೆಕ್ಕ ತಪ್ಪಿಸಿಕೊಂಡವರು ಬಹಳ. ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ‘ಉದ್ಯಮ್’ಗೆ ಒಂದು ಪೈಸೆ ಶುಲ್ಕವಿಲ್ಲ, ಏಜೆಂಟರನ್ನು ಹತ್ತಿರ ಸೇರಿಸಬೇಡ.

ಊರಿನ ಸಂಜೀವಿನಿ ಮಹಿಳಾ ಸ್ವಸಹಾಯ ಸಂಘ ಬಿಡಬೇಡ. ವಾರದ ಸಭೆ, ಉಳಿತಾಯ, ಸದಸ್ಯೆಯರಿಗೆ ಒಳಸಾಲ, ಸಕಾಲಕ್ಕೆ ಮರುಪಾವತಿ, ಲೆಕ್ಕದ ಪುಸ್ತಕ ಬರೆಯುವುದು ಈ ಐದೂ ಸರಿಯಿದ್ದರೆ ಸಂಘಕ್ಕೆ ಬ್ಯಾಂಕ್ ಸಾಲ ಸಲೀಸು. ಹೆಚ್ಚಾಗಿ ಕೆಡುವುದು ಪುಸ್ತಕದಲ್ಲಿ: ಒಬ್ಬಳೇ ಬರೆದು, ಉಳಿದವರು ನೋಡದೆ ಸಹಿ ಹಾಕಿದಾಗ. ಸಭೆಯಲ್ಲೇ ಗಟ್ಟಿಯಾಗಿ ಓದಿಸು. ಶಾಲೆಯ ಯೂನಿಫಾರ್ಮ್‌ನಂಥ ದೊಡ್ಡ ಆರ್ಡರ್ ಬಂದರೆ ಸಂಘದವರು ಹಂಚಿಕೊಂಡು ಹೊಲಿಯಿರಿ, ಕತ್ತರಿಸುವುದು ಮಾತ್ರ ಒಬ್ಬರ ಕೈಯಲ್ಲಿರಲಿ, ಅಳತೆ ಏರುಪೇರಾಗುವುದಿಲ್ಲ.

ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಜೆರಾಕ್ಸ್, ನಾಲ್ಕು ಫೋಟೊ ಚೀಲದಲ್ಲಿ ಇಟ್ಟಿದ್ದೇನೆ. ಮೂರರಲ್ಲೂ ನಿನ್ನ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ಅಂತ ನೀನೂ ಒಮ್ಮೆ ನೋಡು.

ಇಂತಿ,
ಅಮ್ಮ